ಉಳಿತಾಯ ಖಾತೆ ಜೋಡಿಸಿದ ಮನೆ ಸಾಲ: ಆರು ವರ್ಷ ಬಳಸಿದ ಮೇಲೆ ನನ್ನ ಅನುಭವ

ಆರು ವರ್ಷದ ಹಿಂದೆ ಮನೆ ತಗೊಂಡಾಗ ನಾವು ಸಾದಾ ಮನೆ ಸಾಲ ತಗೊಳ್ಳಲಿಲ್ಲ. ಉಳಿತಾಯ ಖಾತೆ ಜೋಡಿಸಿರುವ ಸಾಲ ತಗೊಂಡೆವು. ಆಸ್ಟ್ರೇಲಿಯಾದಲ್ಲಿ, ಬ್ರಿಟನ್‌ನಲ್ಲಿ ಇದಕ್ಕೆ ಆಫ್‌ಸೆಟ್ ಅನ್ನುತ್ತಾರೆ, ಭಾರತದಲ್ಲಿ ಕೆಲವು ಬ್ಯಾಂಕುಗಳು ಓವರ್‌ಡ್ರಾಫ್ಟ್ ಮನೆ ಸಾಲ ಅಂತ ಕೊಡುತ್ತವೆ. ಹೆಸರು, ನಿಯಮ ಸ್ವಲ್ಪ ಬೇರೆ ಬೇರೆ. ಒಳಗಿನ ಲೆಕ್ಕ ಮಾತ್ರ ಒಂದೇ: ನೀವು ಆ ಖಾತೆಯಲ್ಲಿ ಎಷ್ಟು ದುಡ್ಡು ಇಟ್ಟಿರುತ್ತೀರೋ ಅಷ್ಟು ಸಾಲಕ್ಕೆ ಬ್ಯಾಂಕು ಬಡ್ಡಿ ಹಾಕುವುದಿಲ್ಲ. ಬೇಕಾದಾಗ ಆ ದುಡ್ಡನ್ನು ವಾಪಸ್ ತೆಗೆಯಬಹುದು. ತೆಗೆದ ದಿನದಿಂದ ಅಷ್ಟಕ್ಕೆ ಮತ್ತೆ ಬಡ್ಡಿ ಶುರು.

ಇದು ಒಳ್ಳೆಯದಾ ಅಂತ ಸ್ನೇಹಿತರು ಕೇಳುತ್ತಲೇ ಇರುತ್ತಾರೆ. ನನಗೆ ಇಷ್ಟವಾಗಿದೆ, ಇನ್ನೊಂದು ಮನೆ ತಗೊಂಡರೂ ಇದನ್ನೇ ತಗೊಳ್ಳುತ್ತೇನೆ. ಆದರೆ ಹೋದ ವರ್ಷ ನನ್ನ ಸ್ವಂತ ತಮ್ಮ ಕೇಳಿದಾಗ ಬೇಡ ಅಂದೆ. ಎರಡೂ ಯಾಕೆ ಅಂತ ಇಲ್ಲಿ ಬರೆಯುತ್ತೇನೆ.

ಮೊದಲು ಲೆಕ್ಕ. ನಮ್ಮ ನಿಜವಾದ ಮೊತ್ತ ಬೇಡ, ಸಾಲ 10,000 ಅಂತ ಇಟ್ಟುಕೊಂಡು ಎಲ್ಲವನ್ನೂ ಅದೇ ಅಳತೆಗೆ ಇಳಿಸಿ ಬರೆದಿದ್ದೇನೆ. ನಿಮ್ಮ ಸಾಲ ಇದರ ಎಷ್ಟು ಪಟ್ಟು ಇದೆಯೋ ಅಷ್ಟರಿಂದ ಗುಣಿಸಿಕೊಳ್ಳಿ. ಬಡ್ಡಿ ವರ್ಷಕ್ಕೆ 9 ಪರ್ಸೆಂಟ್, ಅವಧಿ 20 ವರ್ಷ. ತಿಂಗಳ ಕಂತು ಸುಮಾರು 90 ಬರುತ್ತದೆ. ಮೊದಲ ತಿಂಗಳ 90ರಲ್ಲಿ 75 ಬಡ್ಡಿಗೇ ಹೋಗುತ್ತದೆ. ಅಸಲಿಗೆ ಹೋಗುವುದು ಬರೀ 15.

ಈ 75 ಮತ್ತು 15ನ್ನು ಮೊದಲ ಸಲ ಸ್ಟೇಟ್‌ಮೆಂಟ್‌ನಲ್ಲಿ ನೋಡಿದಾಗ ನನಗೆ ನಿಜವಾಗಿ ಹೊಟ್ಟೆ ಉರಿದಿತ್ತು. ಕಂತು ಕಟ್ಟುತ್ತಿದ್ದೇವೆ, ಸಾಲ ಇಳಿಯುತ್ತಿದೆ ಅಂದುಕೊಂಡಿದ್ದೆ. ಆಮೇಲೆ ಕೂತು ಪೂರ್ತಿ ಪಟ್ಟಿ ಮಾಡಿ ನೋಡಿದೆ. ಸಾದಾ ಸಾಲವಾದರೆ ಹತ್ತು ವರ್ಷ ಒಂದು ತಿಂಗಳೂ ತಪ್ಪದೆ ಕಟ್ಟಿದ ಮೇಲೆ, ಅಂದರೆ ಸರಿಯಾಗಿ ಅರ್ಧ ದಾರಿಯಲ್ಲಿ, ಇನ್ನೂ 7,100 ಬಾಕಿ ಇರುತ್ತದೆ. ಅಸಲು ಅರ್ಧಕ್ಕೆ ಇಳಿಯಲು 14 ವರ್ಷ ಬೇಕು. ಇದರಲ್ಲಿ ಬ್ಯಾಂಕಿನ ಮೋಸ ಏನೂ ಇಲ್ಲ. ಬಾಕಿ ಜಾಸ್ತಿ ಇದ್ದಾಗ ಬಡ್ಡಿ ಜಾಸ್ತಿ, ಕಂತು ಮಾತ್ರ ಅಷ್ಟೇ, ಹಾಗಾಗಿ ಶುರುವಿನ ವರ್ಷಗಳಲ್ಲಿ ಬಡ್ಡಿಯೇ ಎಲ್ಲವನ್ನೂ ನುಂಗುತ್ತದೆ. ಶುರುವಿನಲ್ಲೇ ಸ್ವಲ್ಪ ದುಡ್ಡು ಸಾಲದ ಎದುರು ಇಟ್ಟರೆ ಅದಕ್ಕೆ ಅಷ್ಟೊಂದು ಬಲ ಬರುವುದೂ ಇದೇ ಕಾರಣಕ್ಕೆ.

ಎಷ್ಟು ಬಲ ಅಂತೀರಾ? ಮೊದಲ ದಿನದಿಂದ 1,000 ಆ ಖಾತೆಯಲ್ಲಿ ಇಟ್ಟು ಮುಟ್ಟದೆ ಬಿಟ್ಟರೆ 240 ತಿಂಗಳ ಸಾಲ 197 ತಿಂಗಳಿಗೆ ಮುಗಿಯುತ್ತದೆ. ಮೂರೂವರೆ ವರ್ಷ ಮುಂಚೆ. ಇಟ್ಟ 1,000 ಹಾಗೇ ಕೈಯಲ್ಲಿ ಇರುತ್ತದೆ. ಬ್ಯಾಂಕಿನವರು ತೋರಿಸುವುದು ಈ ಲೆಕ್ಕವನ್ನೇ. ನಮಗೂ ಕಂಪ್ಯೂಟರ್ ತಿರುಗಿಸಿ ಇದನ್ನೇ ತೋರಿಸಿದ್ದರು, "ನೋಡಿ ಮೇಡಂ, 43 ಕಂತು ಉಳಿತಾಯ" ಅಂತ.

ಅವರು ಹೇಳಿದ್ದು ಸುಳ್ಳಲ್ಲ. ಆದರೆ ಎರಡು ವಿಷಯ ಬಿಟ್ಟಿದ್ದರು. ಒಂದು, ಈ ಸಾಲದ ಬಡ್ಡಿ ಸಾದಾ ಸಾಲಕ್ಕಿಂತ ಕಾಲು ಪರ್ಸೆಂಟ್ ಜಾಸ್ತಿ ಇತ್ತು. ಸಾದಾ ಸಾಲ ತಗೊಂಡಿದ್ದರೆ 8.75ಕ್ಕೆ ಸಿಗುತ್ತಿತ್ತು. ಎರಡು, ಆ 1,000ವನ್ನು ಇಲ್ಲಿ ಇಡದಿದ್ದರೆ ನಾವೇನು ಅದನ್ನು ನೆಲದಲ್ಲಿ ಹೂತಿಡುತ್ತಿರಲಿಲ್ಲ ಅಲ್ವಾ, ಡೆಪಾಸಿಟ್ ಮಾಡಿ ಬಡ್ಡಿ ತಗೊಳ್ಳುತ್ತಿದ್ದೆವು. ಇವೆರಡನ್ನೂ ಸೇರಿಸಿ ನೋಡಿದರೆ ಚಿತ್ರ ಸ್ವಲ್ಪ ಬದಲಾಗುತ್ತದೆ.

ಒಬ್ಬರು 8.75ರ ಸಾದಾ ಸಾಲ ತಗೊಂಡು ನಮ್ಮ ಹಾಗೇ ತಿಂಗಳಿಗೆ 90 ಕಟ್ಟುತ್ತಾರೆ ಅಂದುಕೊಳ್ಳಿ. ಅವರ 1,000 ಡೆಪಾಸಿಟ್‌ನಲ್ಲಿದೆ, ಬಡ್ಡಿ 7 ಪರ್ಸೆಂಟ್, ಅದರ ಮೇಲೆ 30 ಪರ್ಸೆಂಟ್ ತೆರಿಗೆ ಹೋಗಿ ಕೈಗೆ ಸಿಗುವುದು 4.9. ನಮ್ಮ ಸಾಲ ಮುಗಿಯುವ 197ನೇ ತಿಂಗಳಲ್ಲಿ ಅವರ ಡೆಪಾಸಿಟ್ ಸುಮಾರು 2,190 ಆಗಿರುತ್ತದೆ. ಸಾಲ ಇನ್ನೂ 2,570ರ ಹತ್ತಿರ ಇರುತ್ತದೆ. ಡೆಪಾಸಿಟ್ ಮುರಿದು ಕಟ್ಟಿದರೂ 380 ಬಾಕಿ. ನಮ್ಮ ಕೈಯಲ್ಲಿ ಅದೇ ದಿನ 1,000 ಇದೆ, ಸಾಲ ಇಲ್ಲ. ಹಾಗಾಗಿ ನಿಜವಾದ ಲಾಭ 1,380. ಬ್ಯಾಂಕಿನವರು ಹೇಳಿದ 43 ಕಂತಿನ ಲೆಕ್ಕದಲ್ಲಿ ಅದು 3,900ರ ಹತ್ತಿರ ಕಾಣುತ್ತದೆ. 1,380 ಕೂಡ ಕಮ್ಮಿ ಏನಲ್ಲ, ನಮ್ಮ ಹದಿನೈದು ತಿಂಗಳ ಕಂತು ಅದು. ಆದರೆ ಯಾವುದು ನಿಜವಾದ ಅಂಕಿ ಅಂತ ಗೊತ್ತಿದ್ದು ಸಹಿ ಹಾಕಬೇಕು.

ಆ ಕಾಲು ಪರ್ಸೆಂಟ್ ಇದೆಯಲ್ಲ, ನಿಮಗೆ ಈ ಸಾಲ ಸರಿಹೋಗುತ್ತದೋ ಇಲ್ಲವೋ ಅಂತ ತೀರ್ಮಾನ ಮಾಡುವುದು ಅದೇ. 10,000ಕ್ಕೆ ಕಾಲು ಪರ್ಸೆಂಟ್ ಅಂದರೆ ವರ್ಷಕ್ಕೆ 25. ಇದು ನೀವು ಈ ಸೌಲಭ್ಯಕ್ಕೆ ಕೊಡುವ ಬಾಡಿಗೆ. ಖಾತೆಯಲ್ಲಿ ಒಂದು ಕಾಸೂ ಇಡದಿದ್ದರೂ ಕೊಡಬೇಕು. 25ನ್ನು 9 ಪರ್ಸೆಂಟ್‌ನಿಂದ ಭಾಗಿಸಿದರೆ 278 ಬರುತ್ತದೆ. ಹೇಗೂ ಬಡ್ಡಿ ಇಲ್ಲದೆ ಸುಮ್ನೆ ಬಿದ್ದಿರುವ ದುಡ್ಡು ನಿಮ್ಮ ಹತ್ತಿರ ಇದ್ದರೆ, ಅದು ಸರಾಸರಿ 278 ಇದ್ದರೆ ಬಾಡಿಗೆ ಹುಟ್ಟುತ್ತದೆ, ಅದಕ್ಕಿಂತ ಮೇಲಿನದು ಲಾಭ. ಡೆಪಾಸಿಟ್‌ನಿಂದ ತೆಗೆದು ಇಡುವ ದುಡ್ಡಾದರೆ 9ಕ್ಕೂ 4.9ಕ್ಕೂ ಇರುವ 4.1ರ ವ್ಯತ್ಯಾಸ ಮಾತ್ರ ನಿಮ್ಮದು. 25ನ್ನು 4.1 ಪರ್ಸೆಂಟ್‌ನಿಂದ ಭಾಗಿಸಿ, 610. ಅಂದರೆ ಸಾಲದ ಆರು ಪರ್ಸೆಂಟ್‌ನಷ್ಟು ದುಡ್ಡನ್ನು ವರ್ಷಪೂರ್ತಿ ಅಲ್ಲಿ ಇಡಲು ಆಗದವರಿಗೆ ಈ ಸಾಲ ನಷ್ಟ. ನಿಮ್ಮ ಬ್ಯಾಂಕು ಅರ್ಧ ಪರ್ಸೆಂಟ್ ಜಾಸ್ತಿ ಕೇಳಿದರೆ ಈ ಅಂಕಿಗಳೂ ದುಪ್ಪಟ್ಟು. ಒಂದು ಚೀಟಿ, ಒಂದು ಪೆನ್ನು ಸಾಕು, ಐದು ನಿಮಿಷದ ಲೆಕ್ಕ. ಸಹಿ ಹಾಕುವ ಮುಂಚೆ ದಯವಿಟ್ಟು ಮಾಡಿ.

ನನ್ನ ತಮ್ಮನಿಗೆ ಬೇಡ ಅಂದದ್ದು ಇದೇ ಕಾರಣಕ್ಕೆ. ಇದ್ದ ಉಳಿತಾಯವೆಲ್ಲ ಮನೆಯ ಮುಂಗಡಕ್ಕೆ ಹೋಗಿತ್ತು. ಮುಂದಿನ ಎರಡು ಮೂರು ವರ್ಷ ಅವನ ಖಾತೆಯಲ್ಲಿ ನೂರು ನೂರೈವತ್ತು ನಿಂತರೆ ಹೆಚ್ಚು. "ಅಕ್ಕ, ನೀನೇ ಇದನ್ನ ತಗೊಂಡು ನನಗೆ ಬೇಡ ಅಂತೀಯಲ್ಲ" ಅಂತ ಬೇಜಾರು ಮಾಡಿಕೊಂಡ. ಚೀಟಿ ಮೇಲೆ ಬರೆದು ತೋರಿಸಿದೆ. ಸಾದಾ ಸಾಲ ತಗೊಂಡ, ಕಾಲು ಪರ್ಸೆಂಟ್ ಉಳಿಸಿಕೊಂಡ.

ತೆರಿಗೆ ಬಗ್ಗೆ ಒಂದು ಮಾತು. ಡೆಪಾಸಿಟ್ ಬಡ್ಡಿ ಆದಾಯ, ಅದಕ್ಕೆ ಬಹಳಷ್ಟು ಕಡೆ ತೆರಿಗೆ ಬೀಳುತ್ತದೆ. ಇಲ್ಲಿ ನಿಮಗೆ ಯಾರೂ ಬಡ್ಡಿ ಕೊಡುತ್ತಿಲ್ಲ, ನೀವು ಕೊಡಬೇಕಾದ ಬಡ್ಡಿ ತಪ್ಪುತ್ತಿದೆ, ಅಷ್ಟೇ. ತಪ್ಪಿದ ಖರ್ಚು ಆದಾಯ ಅಲ್ಲ. ಹಾಗಾಗಿ 9 ಅಂದರೆ ಪೂರ್ತಿ 9. ಡೆಪಾಸಿಟ್‌ನಲ್ಲಿ ತೆರಿಗೆ ಕಳೆದು 9 ಸಿಗಬೇಕಾದರೆ 30 ಪರ್ಸೆಂಟ್ ತೆರಿಗೆ ಕಟ್ಟುವವರಿಗೆ 12.86 ಪರ್ಸೆಂಟ್ ಬಡ್ಡಿ ಬೇಕು, ಅಂಥ ಡೆಪಾಸಿಟ್ ಎಲ್ಲಾದರೂ ಕಂಡರೆ ದೂರ ಇರಿ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಮನೆ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಸಿಗುವ ಕಡೆ, ಆ ವಿನಾಯಿತಿ ನಿಮಗೆ ನಿಜವಾಗಿ ಸಿಗುತ್ತಿದ್ದರೆ, ಬಡ್ಡಿ ಕಮ್ಮಿಯಾದ ಹಾಗೆ ವಿನಾಯಿತಿಯೂ ಕಮ್ಮಿಯಾಗುತ್ತದೆ. 30 ಪರ್ಸೆಂಟ್ ತೆರಿಗೆಯವರಿಗೆ ಆಗ 9ರ ಉಳಿತಾಯ ನಿಜದಲ್ಲಿ 6.3. ಹಾಗಂತ ತೆರಿಗೆ ಉಳಿಸಲು ಬೇಕಂತಲೇ ಬಡ್ಡಿ ಜಾಸ್ತಿ ಕಟ್ಟುವವರನ್ನು ನೋಡಿದ್ದೇನೆ. 100 ಬಡ್ಡಿ ಕಟ್ಟಿ 30 ತೆರಿಗೆ ಉಳಿಸಿದರೆ 70 ಹೋಯಿತಲ್ಲ, ಅದು ಯಾರ ದುಡ್ಡು?

ಇಷ್ಟು ಲೆಕ್ಕ ಹಾಕಿಯೂ, ನನಗೆ ಈ ಸಾಲ ಇಷ್ಟವಾಗಿರುವುದು ಲೆಕ್ಕಕ್ಕಲ್ಲ.

ನಾಲ್ಕನೇ ವರ್ಷ ನಮ್ಮವರ ಕೆಲಸ ಹೋಯಿತು. ಅವರೊಬ್ಬರ ಸಂಬಳದಲ್ಲೇ ಮನೆ ನಡೆಯುತ್ತಿತ್ತು, ಮಗು ಚಿಕ್ಕದು ಅಂತ ನಾನು ಆಗ ಕೆಲಸ ಬಿಟ್ಟಿದ್ದೆ. ಒಂದು ಶುಕ್ರವಾರ ಸಂಜೆ ಬಂದು ಚೀಲ ಇಟ್ಟು, ಬಾಗಿಲ ಹತ್ತಿರವೇ ನಿಂತು "ಇವತ್ತಿಗೆ ಮುಗೀತು ಕಣೇ" ಅಂದರು. ನಾನು ಏನೂ ಮಾತಾಡಲಿಲ್ಲ. ಫೋನ್ ತೆಗೆದು ಆ ಖಾತೆ ನೋಡಿದೆ. 1,100 ಇತ್ತು. ಕಂತು ಸೇರಿ ನಮ್ಮ ತಿಂಗಳ ಖರ್ಚು 210ರ ಹತ್ತಿರ. "ರೀ, ಐದು ತಿಂಗಳಿಗೆ ದುಡ್ಡಿದೆ, ಮೊದಲು ಕೈಕಾಲು ತೊಳ್ಕೊಳ್ಳಿ" ಅಂದೆ. ಆ ಮಾತು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ಆ ಅಂಕಿ ಕಣ್ಣ ಮುಂದೆ ಇದ್ದದ್ದರಿಂದ.

ಅವರಿಗೆ ಮತ್ತೆ ಕೆಲಸ ಸಿಗಲು ನಾಲ್ಕು ತಿಂಗಳು ಹಿಡಿಯಿತು. 840 ತೆಗೆದೆವು, 260 ಉಳಿಯಿತು. ಒಂದು ಕಂತೂ ತಪ್ಪಲಿಲ್ಲ. ಯಾರ ಹತ್ತಿರವೂ ಕೈ ಚಾಚಲಿಲ್ಲ, ಒಡವೆ ಅಡ ಇಡಲಿಲ್ಲ, ಪರ್ಸನಲ್ ಲೋನ್‌ಗೆ ಅರ್ಜಿ ಹಾಕಲಿಲ್ಲ. ಕೆಲಸ ಇಲ್ಲದವರಿಗೆ ಪರ್ಸನಲ್ ಲೋನ್ ಯಾರು ಕೊಡುತ್ತಾರೆ ಹೇಳಿ? 840 ತೆಗೆದದ್ದಕ್ಕೆ ನಮಗೆ ಆದ ಖರ್ಚು ತಿಂಗಳಿಗೆ ಆರು ಚಿಲ್ಲರೆ ಹೆಚ್ಚಿನ ಬಡ್ಡಿ. ಅಷ್ಟೇ.

ಈಗ ಇದನ್ನೇ ಇನ್ನೊಂದು ರೀತಿ ಯೋಚಿಸಿ. ಸಾದಾ ಸಾಲ ತಗೊಂಡು, ಕೈಯಲ್ಲಿ ದುಡ್ಡು ಸೇರಿದಾಗಲೆಲ್ಲ ಸಾಲಕ್ಕೆ ಮುಂಗಡವಾಗಿ ಕಟ್ಟಿಬಿಡುವವರು ಬಹಳ ಜನ. ಒಳ್ಳೆಯದೇ, ಬಡ್ಡಿಯೂ ಅಷ್ಟೇ ಉಳಿಯುತ್ತದೆ, ಕಾಲು ಪರ್ಸೆಂಟ್ ಬಾಡಿಗೆಯೂ ಇಲ್ಲ. ನಾವೂ ಹಾಗೇ ಮಾಡಿದ್ದರೆ ಆ ಶುಕ್ರವಾರ ನಮ್ಮ ಸಾಲ 1,100 ಕಮ್ಮಿ ಇರುತ್ತಿತ್ತು. ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಮುಂದಿನ ತಿಂಗಳು 5ನೇ ತಾರೀಕು ಬ್ಯಾಂಕು ಅದೇ 90 ಕೇಳುತ್ತಿತ್ತು. ಮೊದಲೇ 1,100 ಕಟ್ಟಿದ್ದೇವಲ್ಲ, ಅದರಲ್ಲಿ ನಾಲ್ಕು ಕಂತು ಹಿಡಿದುಕೊಳ್ಳಿ ಅಂದರೆ ಸಾಮಾನ್ಯವಾಗಿ ಕೇಳುವುದಿಲ್ಲ. ಕಟ್ಟಿದ್ದು ಗೋಡೆ ಸೇರಿತು. ವರ್ಷಕ್ಕೆ 25ರ ಬಾಡಿಗೆ ನಾವು ಕೊಡುತ್ತಿದ್ದದ್ದು ಈ ಒಂದು ವ್ಯತ್ಯಾಸಕ್ಕೆ. ಕಷ್ಟಕಾಲಕ್ಕೆ ಅಂತ ಆರು ತಿಂಗಳ ಖರ್ಚು ಬೇರೆ ಇಡಿ ಅಂತ ಎಲ್ಲರೂ ಹೇಳುತ್ತಾರೆ. ಆ ದುಡ್ಡು ಯಾವ ಖಾತೆಯಲ್ಲಿದ್ದರೂ ಬಡ್ಡಿ ಕಮ್ಮಿ, ಅದಕ್ಕೇ ಇಡಲು ಮನಸ್ಸು ಬರುವುದಿಲ್ಲ. ಇಲ್ಲಿ ಅದೇ ದುಡ್ಡು ಕೂತಲ್ಲೇ 9 ಪರ್ಸೆಂಟ್ ಉಳಿಸುತ್ತದೆ.

ಇನ್ನು ನಾವು ಎಡವಿದ್ದನ್ನೂ ಹೇಳಬೇಕು.

ನಮ್ಮ ಖಾತೆಗೆ ಎಟಿಎಂ ಕಾರ್ಡ್ ಇತ್ತು, ಫೋನಿನಿಂದ ಪಾವತಿ ಮಾಡಬಹುದಿತ್ತು. ಬ್ಯಾಂಕಿನವರ ಸಲಹೆ ಏನಂದರೆ ಸಂಬಳ ನೇರವಾಗಿ ಇದಕ್ಕೇ ಬರಲಿ, ಖರ್ಚೆಲ್ಲ ಇದರಿಂದಲೇ ಆಗಲಿ, ದಿನದ ಲೆಕ್ಕದಲ್ಲಿ ಬಡ್ಡಿ ಹಾಕುವುದರಿಂದ ದುಡ್ಡು ಎರಡು ದಿನ ಜಾಸ್ತಿ ನಿಂತರೂ ಲಾಭ. ಕೇಳಲು ಚೆನ್ನಾಗಿದೆ. ನಮ್ಮ ಸಂಬಳ ಆಗ 300. ಒಂದನೇ ತಾರೀಕು 300 ಬಂದು ತಿಂಗಳ ಕೊನೆಗೆ ಖಾಲಿಯಾದರೆ ಸರಾಸರಿ 150 ನಿಂತ ಹಾಗೆ. ಅದಕ್ಕೆ 9 ಪರ್ಸೆಂಟ್ ಅಂದರೆ ವರ್ಷಕ್ಕೆ 13.5. ಈ ಹದಿಮೂರೂವರೆಗಾಗಿ ಉಳಿತಾಯದ ದುಡ್ಡು, ಮನೆ ಖರ್ಚಿನ ದುಡ್ಡು ಎರಡನ್ನೂ ಒಂದೇ ಡಬ್ಬಿಗೆ ಹಾಕಿದೆವು.

ಎರಡನೇ ವರ್ಷ ಹೊಸ ಮನೆಗೆ ಅಂತ ಸೋಫಾ, ಆಮೇಲೆ ದೊಡ್ಡ ಟಿವಿ, ಆಮೇಲೆ ಅಡುಗೆಮನೆಗೆ ಕಪಾಟು. ಪ್ರತಿ ಸಲ ಫೋನಿನಲ್ಲಿ ಬ್ಯಾಲೆನ್ಸ್ ನೋಡುವುದು, "ಇದೆಯಲ್ಲ" ಅನ್ನುವುದು. ಮೂರು ತಿಂಗಳಲ್ಲಿ 350 ಕರಗಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಇಲ್ಲಿ ತೊಂದರೆ ಏನಂದರೆ ಹಾಸಿಗೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಓವರ್‌ಡ್ರಾಫ್ಟ್ ರೀತಿಯಲ್ಲಿ ಇದು ಇನ್ನೂ ಜಾಸ್ತಿ. ಅಲ್ಲಿ ಬೇರೆ ಉಳಿತಾಯ ಖಾತೆ ಇರುವುದಿಲ್ಲ, ಸಾಲವೇ ಒಂದು ಖಾತೆ, ನೀವು ಹಾಕಿದ್ದು ಸಾಲ ಇಳಿದ ಹಾಗೆ, ತೆಗೆದದ್ದು ಸಾಲ ಏರಿದ ಹಾಗೆ. ತೆಗೆಯಬಹುದಾದ ಮೊತ್ತ ಅಂತ ಒಂದು ಅಂಕಿ ಕಾಣುತ್ತದೆ. ಅದನ್ನು ಖರ್ಚು ಮಾಡಿದರೆ ಇಪ್ಪತ್ತು ವರ್ಷದ ಸಾಲದಲ್ಲಿ ಟಿವಿ ತಗೊಂಡ ಹಾಗೆ. ಟಿವಿ ಅಷ್ಟು ವರ್ಷ ಬಾಳುತ್ತದಾ?

ಆಮೇಲೆ ನಾವು ಮಾಡಿದ ವ್ಯವಸ್ಥೆ ಇದು. ಸಂಬಳ ಬೇರೆ ಬ್ಯಾಂಕಿನ ಖಾತೆಗೆ ಬರುತ್ತದೆ. ಎರಡನೇ ತಾರೀಕು ಕಂತಿನ ದುಡ್ಡು, ಉಳಿತಾಯದ ದುಡ್ಡು ತಾನಾಗೇ ಸಾಲದ ಖಾತೆಗೆ ಹೋಗುತ್ತದೆ. ಎಟಿಎಂ ಕಾರ್ಡನ್ನು ಮನೆ ಪತ್ರಗಳ ಕಡತದ ಒಳಗೆ ಇಟ್ಟಿದ್ದೇವೆ, ಫೋನಿನ ಪಾವತಿ ಆ ಖಾತೆಗೆ ಜೋಡಿಸಿಲ್ಲ. ದುಡ್ಡು ತೆಗೆಯಬೇಕಾದರೆ ಇಬ್ಬರೂ ಕೂತು ಮಾತಾಡಬೇಕು. ವರ್ಷಕ್ಕೆ ಹದಿಮೂರೂವರೆ ಹೋಯಿತು, ಹೋಗಲಿ. ಅದಾದ ಮೇಲೆ ಕೆಲಸ ಹೋದ ಆ ನಾಲ್ಕು ತಿಂಗಳು ಬಿಟ್ಟರೆ ಆ ಖಾತೆಯಿಂದ ಒಂದು ಸಲವೂ ತೆಗೆದಿಲ್ಲ. ನಿಮ್ಮ ಮನೆಯಲ್ಲಿ ಈ ಶಿಸ್ತು ಬರುವುದು ಕಷ್ಟ ಅನಿಸಿದರೆ ಸಾದಾ ಸಾಲ ತಗೊಂಡು ಮುಂಗಡ ಕಟ್ಟುತ್ತಾ ಹೋಗಿ. ಗೋಡೆ ಸೇರಿದ ದುಡ್ಡಿನಿಂದ ಟಿವಿ ತರಲು ಆಗುವುದಿಲ್ಲ, ಕೆಲವರಿಗೆ ಅದೇ ಒಳ್ಳೆಯದು.

ಇನ್ನು ಬ್ಯಾಂಕಿನ ಸೇವೆ. ಇಲ್ಲಿ ನನಗೆ ಸಮಾಧಾನ ಇಲ್ಲ.

ಮೂರನೇ ವರ್ಷ ಬಡ್ಡಿ ದರ ಏರುತ್ತಾ ಹೋಗಿ 9 ಇದ್ದದ್ದು 10 ಆಯಿತು. ನಮ್ಮದು ಬದಲಾಗುವ ದರದ ಸಾಲ, ಏರಿಳಿತ ಇರುವುದೇ. ಬ್ಯಾಂಕಿನಿಂದ ಒಂದು ಎಸ್ಎಂಎಸ್ ಬಂತು, ಬಡ್ಡಿ ದರ ಪರಿಷ್ಕರಿಸಲಾಗಿದೆ ಅಂತ. ಕಂತು ಅಷ್ಟೇ ಇತ್ತು, ಹಾಗಾಗಿ ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಏಳು ತಿಂಗಳಾದ ಮೇಲೆ ತೆರಿಗೆ ಕೆಲಸಕ್ಕೆ ಅಂತ ಸ್ಟೇಟ್‌ಮೆಂಟ್ ಇಳಿಸಿಕೊಂಡಾಗ ಕೊನೆಯ ಸಾಲಿನಲ್ಲಿ ಸಾಲ ಮುಗಿಯುವ ವರ್ಷ ಕಣ್ಣಿಗೆ ಬಿತ್ತು. ನಾಲ್ಕು ವರ್ಷ ಮುಂದೆ ಹೋಗಿತ್ತು! ಕಂತು ಏರಿಸುವ ಬದಲು ಸದ್ದಿಲ್ಲದೆ ಅವಧಿ ಎಳೆದಿದ್ದರು.

ಹೊಸ ಸಾಲದಲ್ಲಿ ಇದು ಇನ್ನೂ ಭಯಂಕರ. ಸಾಲ ತಗೊಂಡ ಕೂಡಲೇ 9 ಇದ್ದದ್ದು 10 ಆಗಿ, ಕಂತು ಅದೇ 90 ಇಟ್ಟರೆ 240 ತಿಂಗಳ ಸಾಲ 314 ತಿಂಗಳಿಗೆ ಹೋಗುತ್ತದೆ. ಒಂದೇ ಒಂದು ಪರ್ಸೆಂಟ್‌ಗೆ ಆರು ವರ್ಷಕ್ಕಿಂತ ಜಾಸ್ತಿ. ಅದೇ ಕಂತನ್ನು ಆರೂವರೆ ಏರಿಸಿ 96.5 ಮಾಡಿದರೆ ಅವಧಿ ಅಲ್ಲಾಡುವುದಿಲ್ಲ. ಕೂಡಲೇ ಬ್ಯಾಂಕಿಗೆ ಹೋದೆ. ಅಲ್ಲಿದ್ದ ಹುಡುಗ "ಕಂತು ಜಾಸ್ತಿ ಆದರೆ ಗ್ರಾಹಕರಿಗೆ ಕಷ್ಟ ಆಗತ್ತೆ ಅಂತ ಸಿಸ್ಟಮ್ಮೇ ಹಾಗೆ ಮಾಡತ್ತೆ ಮೇಡಂ" ಅಂದ. ಕಷ್ಟ ಆಗುತ್ತದೋ ಇಲ್ಲವೋ ಅಂತ ನಮ್ಮನ್ನು ಕೇಳಬೇಕಿತ್ತಲ್ವಾ? ಅರ್ಜಿ ಬರೆದುಕೊಟ್ಟು ಕಂತನ್ನು 96 ಮಾಡಿಸಿಕೊಂಡೆ, ಅವಧಿ ಮೊದಲಿನ ಜಾಗಕ್ಕೆ ಬಂತು. ಇದಕ್ಕೆ ಮೂರು ಸಲ ಓಡಾಡಬೇಕಾಯಿತು, ಒಂದು ಸಲ ಅರ್ಜಿಯೇ ಕಳೆದುಹೋಗಿತ್ತು. ಆಮೇಲೆ ದರ ಮತ್ತೆ 9ಕ್ಕೆ ಇಳಿದಾಗ ಕಂತು ಇಳಿಸಲಿಲ್ಲ, ಇಳಿಸಿ ಅಂತ ನಾವೂ ಕೇಳಲಿಲ್ಲ. ನಿಮ್ಮದು ಯಾವ ರೀತಿಯ ಸಾಲವೇ ಆಗಿರಲಿ, ದರ ಬದಲಾದ ಎಸ್ಎಂಎಸ್ ಬಂದ ದಿನವೇ ಸ್ಟೇಟ್‌ಮೆಂಟ್ ತೆಗೆದು ಕಂತಿನ ಸಂಖ್ಯೆ ನೋಡಿ.

ಸಹಿ ಹಾಕುವ ದಿನದ್ದು ಒಂದು ವಿಷಯ ಇದೆ. ಕಾಗದಗಳ ರಾಶಿಯ ಮಧ್ಯೆ ಸಾಲದ ವಿಮೆ ಅಂತ ಒಂದು ಅರ್ಜಿ ಇರುತ್ತದೆ. ಪ್ರೀಮಿಯಂ ಪೂರ್ತಿ ಒಂದೇ ಸಲ, ಅದನ್ನೂ ಸಾಲಕ್ಕೇ ಸೇರಿಸುತ್ತಾರೆ, ಕೈಯಿಂದ ಏನೂ ಕೊಡಬೇಕಿಲ್ಲ ಅನ್ನುತ್ತಾರೆ. 300 ಪ್ರೀಮಿಯಂ 20 ವರ್ಷದ ಸಾಲಕ್ಕೆ ಸೇರಿದರೆ 9 ಪರ್ಸೆಂಟ್‌ನಲ್ಲಿ ನೀವು ಕಟ್ಟುವುದು ಸುಮಾರು 648. ಮನೆ ಸಾಲ ಇರುವವರಿಗೆ ಜೀವ ವಿಮೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಹೊರಗೆ ವಿಚಾರಿಸಿ, ಟರ್ಮ್ ಪಾಲಿಸಿ ಜೊತೆ ಹೋಲಿಸಿ, ವರ್ಷ ವರ್ಷ ಕಟ್ಟುವ ಹಾಗೆ ತಗೊಳ್ಳಿ. ನಾವು ಹಾಗೇ ಮಾಡಿದೆವು. ವಿಮೆ ತಗೊಳ್ಳದಿದ್ದರೆ ಸಾಲ ತಡವಾಗಬಹುದು ಅಂತ ಅಳುಕಿಸಿದ್ದರು, ಒಂದು ದಿನವೂ ತಡವಾಗಲಿಲ್ಲ.

ಅದೇ ವಾರ ಪೀಠೋಪಕರಣಕ್ಕೆ ಅಂತ ಇನ್ನೊಂದು ಸಾಲದ ಫೋನ್ ಬಂತು, ಬರೀ 6 ಪರ್ಸೆಂಟ್, ಮನೆ ಸಾಲಕ್ಕಿಂತ ಅಗ್ಗ ಅಂತ. ಫ್ಲಾಟ್ ದರ ಅದು. ಐದು ವರ್ಷಕ್ಕೆ 6 ಫ್ಲಾಟ್ ಅಂದರೆ ಅಸಲು ಇಳಿದರೂ ಪೂರ್ತಿ ಮೊತ್ತಕ್ಕೇ ಬಡ್ಡಿ ಹಾಕುತ್ತಾರೆ. ನಿಜವಾದ ದರ 10.8ರ ಹತ್ತಿರ ಬೀಳುತ್ತದೆ. ಫ್ಲಾಟ್ ಅನ್ನುವ ಪದ ಕೇಳಿದರೆ ಫೋನ್ ಇಡಿ.

ಇನ್ನೊಂದು ಬಹಳ ಮುಖ್ಯ. ಕ್ರೆಡಿಟ್ ಕಾರ್ಡ್ ಬಾಕಿ ಇಟ್ಟುಕೊಂಡು ಈ ಖಾತೆಯಲ್ಲಿ ದುಡ್ಡು ಕೂಡಿಸಬೇಡಿ. ತಿಂಗಳಿಗೆ 3 ಪರ್ಸೆಂಟ್ ಅಂತ ಚಿಕ್ಕದಾಗಿ ಕಾಣುತ್ತದೆ, ಬಡ್ಡಿಗೆ ಬಡ್ಡಿ ಸೇರಿ ವರ್ಷಕ್ಕೆ 42.6 ಆಗುತ್ತದೆ. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ಸಾಲ ಎಷ್ಟು ಕಾಲದಲ್ಲಿ ದುಪ್ಪಟ್ಟಾಗುತ್ತದೆ ಅಂತ ಗೊತ್ತಾಗುತ್ತದೆ. ಹಳೇ ಲೆಕ್ಕ ಇದು, 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲೂಕಾ ಪಾಚೋಲಿಯ ಗಣಿತದ ಪುಸ್ತಕದಲ್ಲೇ ಇದೆ. ಏನೂ ಕಟ್ಟದೆ ಬಿಟ್ಟರೆ 9ರ ಸಾಲಕ್ಕೆ ಎಂಟು ವರ್ಷ, ತಿಂಗಳಿಗೆ 3ರ ಕಾರ್ಡಿಗೆ 24 ತಿಂಗಳು. ಇಲ್ಲಿ 9 ಉಳಿಸುತ್ತಾ ಅಲ್ಲಿ 42 ಕೊಡುವುದು ಒಂದು ಕೈಯಲ್ಲಿ ನೀರು ತುಂಬಿ ಇನ್ನೊಂದು ಕೈಯಲ್ಲಿ ಚೆಲ್ಲಿದ ಹಾಗೆ. ನಮ್ಮ ಪರಿಚಯದ ಒಬ್ಬರು ನಿಜವಾಗಿ ಹೀಗೇ ಮಾಡುತ್ತಿದ್ದರು. ಮನೆ ಸಾಲ ದೊಡ್ಡದು, ಮೊದಲು ಅದನ್ನು ಇಳಿಸಬೇಕು ಅನ್ನುವುದು ಅವರ ಯೋಚನೆ. ಯಾವ ಸಾಲ ದೊಡ್ಡದು ಅಂತ ನೋಡಬಾರದು, ಯಾವುದರ ಬಡ್ಡಿ ಜಾಸ್ತಿ ಅಂತ ನೋಡಬೇಕು.

ಸ್ಟಾರ್ ಕೊಡಿ ಅಂದರೆ ಸಾಲದ ಯೋಜನೆಗೆ ಐದಕ್ಕೆ ನಾಲ್ಕೂವರೆ, ನಮ್ಮ ಬ್ಯಾಂಕಿನ ಸೇವೆಗೆ ಎರಡು. ಬ್ಯಾಂಕ್ ಆರಿಸುವಾಗ ಬಡ್ಡಿ ದರದ ಜೊತೆ ಈ ಮೂರನ್ನು ಬರಹದಲ್ಲಿ ಕೇಳಿ. ಖಾತೆಯಲ್ಲಿರುವ ಪೂರ್ತಿ ಮೊತ್ತ ಲೆಕ್ಕಕ್ಕೆ ಬರುತ್ತದಾ ಅಥವಾ ಅದರಲ್ಲಿ ಒಂದು ಭಾಗ ಮಾತ್ರವಾ, ಲೆಕ್ಕ ದಿನದ್ದಾ ತಿಂಗಳದ್ದಾ, ದರ ಏರಿದರೆ ಕಂತು ಏರಿಸಬೇಕೋ ಅವಧಿ ಎಳೆಯಬೇಕೋ ಅನ್ನುವ ಆಯ್ಕೆ ನಮ್ಮದಾ ಅವರದ್ದಾ. ಮೂರನೆಯದನ್ನು ನಾವು ಕೇಳಿರಲಿಲ್ಲ.

ಕಳೆದ ತಿಂಗಳ ಸ್ಟೇಟ್‌ಮೆಂಟ್ ಈಗ ಪಕ್ಕದಲ್ಲೇ ಇದೆ. ಕಂತು 96. ಬಡ್ಡಿ 41, ಅಸಲು 55. ಮೊದಲ ತಿಂಗಳದ್ದನ್ನೂ ಅದೇ ಕಡತದಲ್ಲಿ ಇಟ್ಟಿದ್ದೇನೆ, 75 ಮತ್ತು 15ರ ಸುತ್ತ ಪೆನ್ನಿನಲ್ಲಿ ಗುಂಡಗೆ ಗೆರೆ ಎಳೆದದ್ದು.